ಬ್ರಿಟಿಷರ ಸಿಟ್‌ಕಾಮ್, ನಮ್ಮವರ ಜಗಳ

ನಾಲ್ಕು ಜನ ಕನ್ನಡಿಗರು ಅಮೆರಿಕದಲ್ಲಿ ಒಂದು ಕಡೆ ಸೇರಿದರೆ ವೀಸಾ, ಮನೆ ರೇಟು, ಯಾವ ಅಂಗಡಿಯಲ್ಲಿ ಎಳೇ ಬೆಂಡೆಕಾಯಿ ಸಿಗುತ್ತೆ, ಇಷ್ಟು ಬಿಟ್ಟು ಬೇರೆ ಮಾತೇ ಇರಲ್ಲ ಅಂತ ಕೆಲವರು ಗೊಣಗುತ್ತಾರೆ. ಅಂಥವರು ಒಂದು ವೀಕೆಂಡ್ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿರೋ ನಮ್ಮ ಮನೆಗೆ ಬರಬೇಕು. ಅರ್ಧ ಗಂಟೆಯಲ್ಲಿ ‘ದಯವಿಟ್ಟು ಬೆಂಡೆಕಾಯಿ ವಿಷಯ ಮಾತಾಡಿ’ ಅಂತ ಕೈ ಮುಗಿಯುತ್ತಾರೆ. ನಮ್ಮಲ್ಲಿ ನಡೆಯೋ ಜಗಳ ಒಂದೇ. ಬ್ರಿಟಿಷರ ಟಿವಿ ಸಿಟ್‌ಕಾಮ್‌ಗಳಲ್ಲಿ, ಅಂದರೆ ಹಾಸ್ಯದ ಸೀರಿಯಲ್‌ಗಳಲ್ಲಿ, ಎಲ್ಲಕ್ಕಿಂತ ಶ್ರೇಷ್ಠ ಯಾವುದು, ಎಲ್ಲಕ್ಕಿಂತ ದರಿದ್ರ ಯಾವುದು.

ಜಗಳಕ್ಕೆ ಎರಡು ಪಕ್ಷ. ಒಂದು ಪಕ್ಷಕ್ಕೆ ನಾಯಕರು ಲಂಡನ್ ರಾಯರು. ಅವರು ಲಂಡನ್ನಿನವರಲ್ಲ, ಜಯನಗರದವರು. ಯಾವುದೋ ಪ್ರಾಜೆಕ್ಟ್ ಮೇಲೆ ಇಂಗ್ಲೆಂಡಿಗೆ ಹೋಗಿ ವರ್ಷ ತುಂಬೋದರೊಳಗೆ ವಾಪಸ್ ಬಂದವರು. ಇದ್ದದ್ದೂ ಲಂಡನ್ನಿನಲ್ಲಲ್ಲ, ಅಲ್ಲಿಂದ ಟ್ರೇನಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ. ಆದರೂ ಬ್ರಿಟಿಷ್ ಹಾಸ್ಯ ಅಂದರೆ ತಮ್ಮ ತಾತನ ಆಸ್ತಿ ಅಂದುಕೊಂಡಿದ್ದಾರೆ. ಎದುರು ಪಕ್ಷದಲ್ಲಿ ಇರೋದು ಒಬ್ಬರೇ, ನನ್ನ ಗಂಡ.

ರಾಯರ ಮೆಚ್ಚಿನ ಸೀರಿಯಲ್ ಒಂದು ಹಳ್ಳಿಯ ಪೋಸ್ಟ್ ಆಫೀಸಿನಲ್ಲಿ ನಡೆಯುತ್ತೆ. ನಡೆಯುತ್ತೆ ಅನ್ನೋದು ದೊಡ್ಡ ಮಾತು. ಇಬ್ಬರು ಕೌಂಟರಿನ ಆಚೆ ಈಚೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನನ್ನ ಗಂಡನ ಮೆಚ್ಚಿನದು ಸಮುದ್ರ ತೀರದ ಒಂದು ಲಾಂಡ್ರಿಯದು. ಅದರಲ್ಲಿ ದಪ್ಪ ಮಾಲೀಕ ಪ್ರತಿ ಎಪಿಸೋಡಿನಲ್ಲೂ ಎಲ್ಲಾದರೂ ಬೀಳುತ್ತಾನೆ, ಹಿಂದಿನಿಂದ ಜನ ಹೋ ಅಂತ ನಗುತ್ತಾರೆ. ಎರಡರ ಹೆಸರನ್ನೂ ನಾನು ಹೇಳಲ್ಲ. ಹೇಳಿದರೆ ನಿಮ್ಮ ಮನೆಯಲ್ಲೂ ಶುರುವಾದೀತು. ನನ್ನ ಅಭಿಪ್ರಾಯ ಏನು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಎರಡನ್ನೂ ಒಂದೇ ಕಸದ ಬುಟ್ಟಿಗೆ ಹಾಕಿ ಬರುತ್ತಿದ್ದೆ.

ಅದೇ ಜೋಕು

ಎಲ್ಲಾ ಶುರುವಾಗಿದ್ದು ಕೊರೊನಾ ಕಾಲದಲ್ಲಿ. ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಶನಿವಾರ ಸಂಜೆ ಎಲ್ಲರೂ ಜೂಮ್‌ನಲ್ಲಿ ಸೇರೋಣ, ನಾನು ಒಳ್ಳೇ ಬ್ರಿಟಿಷ್ ಕಾಮಿಡಿ ತೋರಿಸ್ತೀನಿ ಅಂದರು ರಾಯರು. ಬೇಜಾರಾಗಿ ಕೂತಿದ್ದೆವು, ಒಪ್ಪಿಬಿಟ್ಟೆವು. ಮನುಷ್ಯ ಬೇಜಾರಿನಲ್ಲಿ ಏನೇನಕ್ಕೋ ಒಪ್ಪುತ್ತಾನೆ.

ಪೋಸ್ಟ್ ಆಫೀಸ್ ಶುರುವಾಯಿತು. ಪೋಸ್ಟ್‌ಮಾಸ್ಟರ್ ನಿಂತಿದ್ದಾನೆ. ಎದುರಿಗೆ ಒಬ್ಬ ಗಿರಾಕಿ ನಿಂತಿದ್ದಾನೆ. ಇಬ್ಬರದೂ ಮಾತಿಲ್ಲ. ಸ್ವಲ್ಪ ಹೊತ್ತು ನೋಡಿ ನನ್ನ ಗಂಡ, “ರಾಯರೇ, ನಿಮ್ಮ ಸ್ಕ್ರೀನ್ ಫ್ರೀಜ್ ಆಗಿದೆ” ಅಂದರು.

“ಫ್ರೀಜ್ ಆಗಿಲ್ಲ. ಅದೇ ಜೋಕು.”

“ಯಾವುದು?”

“ಅವರು ಮಾತಾಡ್ತಾ ಇಲ್ಲ ನೋಡಿ, ಅದು. ಇದು ಡ್ರೈ ಹ್ಯೂಮರ್. ನಿಮ್ಮ ಲಾಂಡ್ರಿ ಥರ ಬಿದ್ದು ಒದ್ದಾಡಲ್ಲ. ಇದಕ್ಕೆ ಸ್ವಲ್ಪ ಸಂಸ್ಕಾರ ಬೇಕು.”

ಸಂಸ್ಕಾರ ಇಲ್ಲದ ನಾವೆಲ್ಲ ತೆಪ್ಪಗೆ ಕೂತೆವು. ಒಬ್ಬೊಬ್ಬರೇ ವಿಡಿಯೋ ಆಫ್ ಮಾಡಿಕೊಂಡರು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಇಡೀ ಸಂಜೆಯಲ್ಲಿ ನಮಗೆಲ್ಲ ನಗು ಬಂದದ್ದು ಆಗ ಮಾತ್ರ. ಸ್ವಲ್ಪ ಹೊತ್ತಿನ ಮೇಲೆ ಪೋಸ್ಟ್‌ಮಾಸ್ಟರ್ ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಇತ್ತು. ರಾಯರು ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದರು. “ನೋಡಿ, ನೋಡಿ! ಎಂಥಾ ಟೈಮಿಂಗು! ಆ ಬಾಯಿ ನೋಡಿ! ನಮ್ಮವರ ಕೈಲಿ ಆಗುತ್ತಾ ಇದು? ಎಷ್ಟು ಹೊತ್ತು ಹಿಡಿದಿಟ್ಟಿದಾನೆ ನೋಡ್ರೀ!” ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು.

ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು. “ರೀ, ಕನ್ನಡಕ ಹಾಕ್ಕೊಂಡು ನೋಡಿ. ಮಧ್ಯದಲ್ಲಿ ಚಕ್ರ ಸುತ್ತುತಾ ಇದೆ. ಬಫರಿಂಗ್ ಅದು.”

ಲ್ಯಾಬ್ ರಿಪೋರ್ಟ್

ಕೊರೊನಾ ತಗ್ಗಿ ಮತ್ತೆ ಮನೆ ಮನೆಗೆ ಓಡಾಟ ಶುರುವಾದ ಮೇಲೆ, ಜಗಳ ತೀರ್ಮಾನ ಮಾಡೋಕೆ ಒಬ್ಬ ಮಧ್ಯಸ್ಥರು ಬೇಕು ಅಂತಾಯಿತು. ಪಕ್ಕದ ರಾಜ್ಯದ ಜರ್ಮನ್‌ಟೌನ್‌ನಲ್ಲಿ ಯಾವುದೋ ಬಯೋಟೆಕ್ ಲ್ಯಾಬಿನಲ್ಲಿ ಕೆಲಸ ಮಾಡೋ ನನ್ನ ಗೆಳತಿ ಒಬ್ಬಳಿದ್ದಾಳೆ. ಮೈಸೂರಿನಲ್ಲಿ ನನ್ನ ಜೊತೆ ಓದಿದವಳು. ಯಾವ ಪಕ್ಷಕ್ಕೂ ಸೇರದವಳು, ಯಾರಿಗೂ ಹೆದರದವಳು. ಎರಡೂ ಸೀರಿಯಲ್ ನೋಡಿ ಯಾವುದು ಮೇಲು ಹೇಳು ಅಂದೆವು.

“ಬರೀ ಎರಡು ನೋಡಿದ್ರೆ ಏನೂ ಗೊತ್ತಾಗಲ್ಲ ಕಣೇ. ಹೋಲಿಸೋಕೆ ಮೂರನೇದು ಒಂದು ಬೇಕು. ಅದರಲ್ಲಿ ಹಾಸ್ಯ ಸ್ವಲ್ಪಾನೂ ಇರಬಾರದು” ಅಂದಳು.

ಮುಂದಿನ ವಾರ ಫೋನ್ ಮಾಡಿದಳು. ಸ್ಪೀಕರ್ ಹಾಕಿದೆ. ರಾಯರೂ ನನ್ನ ಗಂಡನೂ ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

“ಪೋಸ್ಟ್ ಆಫೀಸು ನೋಡಿದೆ, ಲಾಂಡ್ರಿ ನೋಡಿದೆ. ಮೂರನೇದಾಗಿ ನಮ್ಮನೆ ಡ್ರೈಯರ್ ಮುಂದೆ ಚೇರ್ ಹಾಕ್ಕೊಂಡು ಅಷ್ಟೇ ಹೊತ್ತು ಅದನ್ನೂ ನೋಡಿದೆ.”

“ಫಸ್ಟ್ ಯಾವುದು?” ಅಂದರು ಇಬ್ಬರೂ ಒಟ್ಟಿಗೆ.

“ಡ್ರೈಯರ್. ಕೊನೆಯಲ್ಲಿ ಬಟ್ಟೆಯಾದ್ರೂ ಒಣಗಿತ್ತು.”

ಉಪವಾಸ ಯಾರಿಗೆ

ನಮ್ಮ ಪಕ್ಕದ ಮನೆಯಲ್ಲಿ ಮೈಸೂರಿನವರೇ ಒಬ್ಬ ಡಾಕ್ಟರ್ ಇದ್ದಾರೆ. ಬಹಳ ಮೆತ್ತಗಿನ ಮನುಷ್ಯ. ಮಕ್ಕಳ ಡಾಕ್ಟರ್ ಆದ್ದರಿಂದ ಅಳು, ಕಿರುಚಾಟ ಎಲ್ಲಾ ಅಭ್ಯಾಸ. ರಂಜಾನ್ ತಿಂಗಳಲ್ಲಿ ಒಂದು ದಿನ ನಮ್ಮನ್ನೂ ಲಂಡನ್ ರಾಯರ ಕುಟುಂಬವನ್ನೂ ಇಫ್ತಾರಿಗೆ ಕರೆದರು. ಅವರ ಹೆಂಡತಿ ಮಾಡೋ ಬಿರಿಯಾನಿಯ ವಾಸನೆ ಬೇಲಿ ದಾಟಿ ಬಂದು ಮಧ್ಯಾಹ್ನದಿಂದಲೇ ನಮ್ಮನ್ನು ಕಾಡುತ್ತಿತ್ತು. ರಾಯರಿಗೆಂದು ಬೇರೆ ಪಾತ್ರೆಯಲ್ಲಿ ತರಕಾರಿಯದ್ದೂ ಮಾಡಿದ್ದರು.

ಹೊತ್ತು ಮುಳುಗೋಕೆ ಇನ್ನೂ ಸ್ವಲ್ಪ ಸಮಯ ಇತ್ತು. ಎಲ್ಲರೂ ಹಾಲ್‌ನಲ್ಲಿ ಕೂತಿದ್ದೆವು. ಡಾಕ್ಟರ್ ಮರ್ಯಾದೆಗೆ ಒಂದು ಮಾತು ಕೇಳಿಬಿಟ್ಟರು. “ರಾಯರೇ, ಈಚೆಗೆ ಟಿವಿಯಲ್ಲಿ ಒಳ್ಳೇದೇನಾದ್ರೂ ನೋಡಿದ್ರಾ?”

ನಾನು ರಾಯರ ಹೆಂಡತಿಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದರು. ಇಬ್ಬರೂ ಎದ್ದು ಅಡಿಗೆಮನೆಗೆ ಹೋದೆವು.

ಹಾಲ್‌ನಲ್ಲಿ ಲಾಂಡ್ರಿ, ಪೋಸ್ಟ್ ಆಫೀಸು ಎರಡೂ ಹೊತ್ತಿಕೊಂಡವು. ಹಿಂದಿನಿಂದ ಜನ ನಗೋ ಸದ್ದು ಹಾಕೋದು ನೋಡುವವರಿಗೆ ಮಾಡೋ ಅವಮಾನ ಅಂತ ರಾಯರು. ಹಾಕದೇ ಇದ್ದರೆ ಎಲ್ಲಿ ನಗಬೇಕು ಅಂತ ದೇವರಿಗೂ ಗೊತ್ತಾಗಲ್ಲ ಅಂತ ನನ್ನ ಗಂಡ. “ನಿಮ್ಮದು ಕೋತಿ ಕುಣಿಸೋ ಹಾಸ್ಯ” ಅಂತ ಅವರು. “ನಿಮ್ಮದು ಸೂತಕದ ಮನೆ ಹಾಸ್ಯ” ಅಂತ ಇವರು. ಈ ನಡುವೆ ಹೊತ್ತು ಮುಳುಗಿತು. ಡಾಕ್ಟರ್ ಕುಟುಂಬ ಖರ್ಜೂರ ತಿಂದು, ಶರಬತ್ತು ಕುಡಿದು, ನಮಾಜ್ ಮುಗಿಸಿ ಬಂತು. ನಾವು ಹೆಂಗಸರೂ ಸಮೋಸ ತಿಂದೆವು, ಬಿರಿಯಾನಿ ತಿಂದೆವು, ಎರಡನೇ ಸಲ ಹಾಕಿಕೊಂಡೂ ತಿಂದೆವು. ಅವರಿಬ್ಬರು ಮಾತ್ರ ಹಾಲ್‌ನಲ್ಲಿ ಬೆರಳು ತೋರಿಸಿಕೊಂಡು ಹಾಗೇ ಇದ್ದರು.

ಕೊನೆಗೆ ರಾಯರಿಗೆ ಹೊಟ್ಟೆ ನೆನಪಾಯಿತು. “ಡಾಕ್ಟ್ರೇ, ಇನ್ನೂ ಟೈಮ್ ಆಗಲಿಲ್ವಾ?” ಅಂದರು.

ಡಾಕ್ಟರ್ ಕೈ ಒರೆಸಿಕೊಳ್ಳುತ್ತಾ ತಣ್ಣಗೆ ಹೇಳಿದರು. “ನಮ್ಮ ರೋಜಾ ಆಗಲೇ ಮುಗೀತು ಸರ್. ನೀವಿಬ್ರೂ ಇನ್ನೂ ಮುಂದುವರಿಸ್ತಾ ಇದೀರಿ ಅಂತ ನಾವು ಡಿಸ್ಟರ್ಬ್ ಮಾಡಲಿಲ್ಲ.”

ಸೌತ್ ಕ್ಯಾರೊಲಿನಾದಲ್ಲಿ ಸಂಬಂಧ ಕಡಿದದ್ದು

ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿ ನನ್ನ ನಾದಿನಿ ಮನೆ ತಗೊಂಡಳು. ಗೃಹಪ್ರವೇಶಕ್ಕೆ ನಾವೂ ರಾಯರೂ ಅವರ ಹೆಂಡತಿಯೂ ಒಂದೇ ವ್ಯಾನಿನಲ್ಲಿ ಹೊರಟೆವು. ಡ್ರೈವ್ ಮಾಡುತ್ತಿದ್ದದ್ದು ನಾನು. ಗಂಡಸರಿಬ್ಬರೂ ಹಿಂದೆ. ವರ್ಜೀನಿಯಾ ಇಡೀ ನಿದ್ದೆ ಮಾಡಿದರು, ಪುಣ್ಯ. ನಾರ್ತ್ ಕ್ಯಾರೊಲಿನಾದಲ್ಲಿ ಎದ್ದು ಪುಳಿಯೋಗರೆ ತಿಂದರು. ಸೌತ್ ಕ್ಯಾರೊಲಿನಾ ಬೋರ್ಡ್ ಕಾಣುತ್ತಲೇ ಶುರುವಾಯಿತು.

ನನ್ನ ಗಂಡ, “ಒಂದೇ ಒಂದು ಸಲ ಮನಸ್ಸು ಬಿಚ್ಚಿ ಹೇಳಿ ರಾಯರೇ, ಆ ಪೋಸ್ಟ್ ಆಫೀಸ್ ನೋಡಿ ನೀವು ನಿಜವಾಗ್ಲೂ ನಕ್ಕಿದ್ದೀರಾ, ಇಲ್ಲಾ ಇಂಗ್ಲೆಂಡಿಗೆ ಹೋಗಿದ್ದೆ ಅಂತ ತೋರಿಸ್ಕೊಳ್ಳೋಕೆ ನಗ್ತೀರಾ?” ಅಂದರು.

ರಾಯರ ಮುಖ ಕೆಂಪಾಯಿತು. “ಗಾಡಿ ನಿಲ್ಲಿಸಮ್ಮ. ಲಾಂಡ್ರಿ ನೋಡಿ ನಗೋ ಮನುಷ್ಯನ ಪಕ್ಕ ನಾನು ಕೂರಲ್ಲ. ಬಸ್ಸಲ್ಲಿ ಬರ್ತೀನಿ.”

ಮುಂದಿನ ಎಕ್ಸಿಟ್ ತಗೊಂಡು, ಪೆಟ್ರೋಲ್ ಹಾಕೋ ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ನಿಲ್ಲಿಸಿದೆ. ಸುತ್ತ ಹುಲ್ಲುಗಾವಲು, ಒಂದು ಚರ್ಚು, ಪಟಾಕಿ ಮಾರೋ ಒಂದು ಶೆಡ್ಡು. ಬಸ್ಸು ಅನ್ನೋದು ಆ ಊರಿಗೆ ಬಂದ ಗುರುತೇ ಇರಲಿಲ್ಲ. ರಾಯರು ಇಳಿದು ಬಾಗಿಲು ಧಡ್ ಅಂತ ಹಾಕಿದರು. ಹಾಕಿ, ಯಾರಾದರೂ ಕರೀತಾರೇನೋ ಅಂತ ಅಲ್ಲೇ ನಿಂತರು.

ಅವರ ಹೆಂಡತಿ ಇಳಿದರು. ಸಮಾಧಾನ ಮಾಡುತ್ತಾರೆ ಅಂದುಕೊಂಡೆ. ಆಕೆ ಹಿಂದಿನ ಡಿಕ್ಕಿ ತೆಗೆದು ರಾಯರ ದಿಂಬು, ಶಾಲು, ಬಿಪಿ ಮಾತ್ರೆ ಮೂರನ್ನೂ ಅವರ ಕೈಗಿಟ್ಟು, “ಊಟ ಆದ್ಮೇಲೆ ಮರೀದೇ ತಗೊಳ್ಳಿ” ಅಂದು, ವಾಪಸ್ ಬಂದು ಸೀಟ್ ಬೆಲ್ಟ್ ಹಾಕಿಕೊಂಡು, “ನಡೀರಿ” ಅಂದರು.

ಬಿಟ್ಟು ಹೋಗೋಕೆ ನನಗೆ ಧೈರ್ಯ ಬರಲಿಲ್ಲ. ಸುಮ್ಮನೆ ಚರ್ಚಿನ ತನಕ ಹೋಗಿ ತಿರುಗಿಸಿಕೊಂಡು ಬಂದೆ. ರಾಯರು ದಿಂಬು ಕಂಕುಳಲ್ಲಿಟ್ಟುಕೊಂಡು ಗ್ಯಾಸ್ ಸ್ಟೇಷನ್ನಿನ ಅಂಗಡಿಯಿಂದ ಹೊರಗೆ ಬರುತ್ತಿದ್ದರು. ಕೈಯಲ್ಲಿ ಬಕೆಟ್ಟಿನಷ್ಟು ದೊಡ್ಡ ಲೋಟ. ಚಹಾ ಕೇಳಿದ್ದಾರೆ. ಆ ಕಡೆ ಚಹಾ ಅಂದರೆ ಐಸ್ ಹಾಕಿದ ಪಾನಕ ಅಂತ ಅವರಿಗೆ ಗೊತ್ತಿಲ್ಲ. ನೇರವಾಗಿ ಬಂದು, ಬಾಗಿಲು ತೆಗೆದು, ನನ್ನ ಗಂಡನ ಪಕ್ಕದಲ್ಲೇ ಕೂತರು.

“ನಾನು ರಾಜಿ ಆಗಿದೀನಿ ಅಂತ ತಿಳ್ಕೋಬೇಡಿ. ಈ ಊರಲ್ಲಿ ಟೀ ಸರಿ ಇಲ್ಲ. ಸರಿ ಇದ್ದಿದ್ರೆ ಇಲ್ಲೇ ಇರ್ತಿದ್ದೆ.”

ಅತ್ತೆಯ ಪ್ರಶ್ನೆ

ಸುವಾನಿಯಲ್ಲಿ ನಮ್ಮತ್ತೆ ಇದ್ದರು. ಮಗಳ ಮನೆ ಗೃಹಪ್ರವೇಶಕ್ಕೆಂದು ಮೈಸೂರಿನಿಂದ ಬಂದವರು. ಇಂಗ್ಲಿಷ್ ಬರುವುದಿಲ್ಲ, ಅದರಿಂದ ಅವರಿಗೆ ಯಾವ ತೊಂದರೆಯೂ ಆಗಿಲ್ಲ. ಪೂಜೆ, ಊಟ ಎಲ್ಲಾ ಮುಗಿದು ನೆಂಟರು ಅಲ್ಲಲ್ಲೇ ಒರಗಿದ್ದಾಗ ರಾಯರು ಹೊಸ ಟಿವಿಯಲ್ಲಿ ಪೋಸ್ಟ್ ಆಫೀಸ್ ಹಾಕಿದರು. ಹೊಸ ಮನೆಗೆ ಮೊದಲನೇ ಅಪಶಕುನ.

ಮಗು ಮಲಗಿದೆ ಅಂತ ನಾದಿನಿ ಸೌಂಡ್ ತೆಗೆದಳು. ಸೌಂಡ್ ಇಲ್ಲದಿದ್ದರೂ ಆ ಸೀರಿಯಲ್‌ಗೆ ಏನೂ ನಷ್ಟ ಆಗಲಿಲ್ಲ. ಅತ್ತೆ ಸೋಫಾ ಮೇಲೆ ಕಾಲು ಮಡಚಿ ಕೂತು ಗಮನವಿಟ್ಟು ನೋಡಿದರು. ಸ್ವಲ್ಪ ಹೊತ್ತಿಗೆ ಕಥೆ ಹೇಳೋಕೆ ಶುರು ಮಾಡಿದರು.

“ಇವನ ತಂಗೀನ ಅವನು ಕೇಳಿದಾನೆ. ಇವನಿಗೆ ಕೊಡೋಕೆ ಇಷ್ಟ ಇಲ್ಲ. ಅದಕ್ಕೇ ಬಾಯಿ ಬಿಡ್ತಾ ಇಲ್ಲ. ನೋಡು, ನೋಡು, ಆ ಹುಡುಗಿ ಒಳಗಿಂದ ಇಣುಕಿದ್ಲು! ಅಣ್ಣ ನೋಡಿಬಿಟ್ಟ. ಮುಗೀತು ಕಥೆ.”

ನೆಂಟರೆಲ್ಲ ಎದ್ದು ಕೂತರು. ಇಣುಕಿದವಳು ಕಸ ಗುಡಿಸೋಕೆ ಬಂದವಳು. ಆದರೆ ಅತ್ತೆಯ ಕಥೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ, ರಾತ್ರಿಯೆಲ್ಲ ಅಳುತ್ತಿದ್ದಳು. ಯಾರೋ ಮೂಗು ಒರೆಸಿಕೊಂಡರು. ನನ್ನ ಗಂಡ, “ಅಮ್ಮ, ಕೊನೆಗೆ ಮದುವೆ ಮಾಡಿಸಿಬಿಡು” ಅಂತ ಬೇಡಿಕೊಂಡರು.

ರಾಯರಿಗೆ ತಡೆಯಲಾಗಲಿಲ್ಲ. “ಅಮ್ಮಾ, ಅದು ಹಾಗಲ್ಲಮ್ಮ. ತಂಗಿ ಇಲ್ಲ, ಮದುವೆ ಇಲ್ಲ. ಅವನಿಗೆ ಒಂದು ಸ್ಟಾಂಪು ಬೇಕು. ಕೇಳೋಕೆ ಸಂಕೋಚ. ಇಂಗ್ಲಿಷಿನವರಿಗೆ ಬಹಳ ಸಂಕೋಚ ಅಮ್ಮ, ಏನನ್ನೂ ಬಾಯಿ ಬಿಟ್ಟು ಕೇಳಲ್ಲ. ಅದೇ ಇದರಲ್ಲಿರೋ ಹಾಸ್ಯ.”

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಒಂದು ಸ್ಟಾಂಪು ಕೇಳೋಕೆ ಇಷ್ಟು ಸಂಕೋಚಾನಾ? ನಮ್ಮ ದೇಶಾನೇ ಬಂದು ಎತ್ಕೊಳ್ಳುವಾಗ ಎಲ್ಲಿ ಹೋಗಿತ್ತಪ್ಪಾ ಈ ಸಂಕೋಚ?”

ಇಂಗ್ಲಿಷಿನವನು ಊಟಕ್ಕೆ ಬಂದದ್ದು

ಹೋದ ವರ್ಷ ನನ್ನ ಆಫೀಸಿನಲ್ಲಿ ನಮ್ಮ ಟೀಮಿಗೆ ಇಂಗ್ಲೆಂಡಿನಿಂದ ಹೊಸ ಮ್ಯಾನೇಜರ್ ಬಂದ. ಅಸಲಿ ಇಂಗ್ಲಿಷಿನವನು. ನನ್ನ ಕೆಲಸಕ್ಕೆ ಮಾರ್ಕ್ಸ್ ಹಾಕೋ ರಿವ್ಯೂ ಅವನ ಕೈಯಲ್ಲಿತ್ತು. ವೀಸಾ ಮೇಲಿರೋರು ರಿವ್ಯೂ ಕೆಟ್ಟರೆ ಕೆಲಸ ಕಳಕೊಂಡು ಊರಿಗೆ ಗಂಟುಮೂಟೆ ಕಟ್ಟಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ನನ್ನ ಡಬ್ಬಿಯ ವಾಂಗೀಬಾತ್ ನೋಡಿ ಆಸೆಪಟ್ಟ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ ಅಂದುಬಿಟ್ಟೆ.

ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳದೆ ಲಂಡನ್ ರಾಯರನ್ನೂ ಕರೆದರು. “ಅವರಿಗೂ ಇಂಗ್ಲೆಂಡ್ ಗೊತ್ತಲ್ವಾ, ಮಾತಿಗೆ ಅನುಕೂಲ ಆಗುತ್ತೆ” ಅಂತ ಸಮಜಾಯಿಷಿ ಬೇರೆ. ನಾನು ಇಬ್ಬರನ್ನೂ ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದೆ. ಟಿವಿ ಅನ್ನೋ ಎರಡಕ್ಷರ ಇವತ್ತು ಬಾಯಲ್ಲಿ ಬರಬಾರದು.

ಕೋಸಂಬರಿ, ಪಲ್ಯ, ವಾಂಗೀಬಾತ್, ಸಾರು ತನಕ ಎಲ್ಲಾ ಸುಸೂತ್ರ. ಹವಾಮಾನ ಮಾತಾಡಿದರು, ಟ್ರಾಫಿಕ್ ಮಾತಾಡಿದರು. ಹೋಳಿಗೆ ಬಡಿಸಿದೆ. ತುಪ್ಪ ಹಾಕಿದೆ. ರಾಯರಿಗೆ ತುಪ್ಪದ ಮತ್ತೇರಿತೋ ಏನೋ, “ಒಂದು ಸಣ್ಣ ಪ್ರಶ್ನೆ” ಅಂತ ಗಂಟಲು ಸರಿಮಾಡಿಕೊಂಡರು. ನಾನು ಮೇಜಿನ ಕೆಳಗಿಂದ ಒದ್ದೆ. ಕಾಲು ತಾಗಿದ್ದು ಮ್ಯಾನೇಜರಿಗೆ.

ಅಷ್ಟರಲ್ಲಿ ನನ್ನ ಗಂಡ ಮುಂದೆ ನುಗ್ಗಿ, “ಲಾಂಡ್ರಿ ಸೀರಿಯಲ್ ನೋಡಿದೀರಾ? ಹೇಗಿದೆ?” ಅಂತ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು.

ಮ್ಯಾನೇಜರ್ ಮೊಣಕಾಲು ಉಜ್ಜಿಕೊಳ್ಳುತ್ತಾ, “ನಾಟ್ ಬ್ಯಾಡ್” ಅಂದ.

ನನ್ನ ಗಂಡನ ಮುಖ ಪೆಚ್ಚಾಯಿತು. ರಾಯರಿಗೆ ತಮ್ಮ ಜ್ಞಾನ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ. “ಬೇಜಾರು ಮಾಡ್ಕೋಬೇಡ್ರೀ. ಇಂಗ್ಲೆಂಡಲ್ಲಿ ನಾಟ್ ಬ್ಯಾಡ್ ಅಂದ್ರೆ ಅದ್ಭುತ ಅಂತ ಅರ್ಥ” ಅಂದರು. ಅಂದ ಮೇಲೆ ಏನು ಅಂದೆ ಅಂತ ಹೊಳೆಯಿತು. ಗಡಬಡಿಸಿ ಮ್ಯಾನೇಜರ್ ಕಡೆ ತಿರುಗಿ ಪೋಸ್ಟ್ ಆಫೀಸಿನ ಬಗ್ಗೆ ಕೇಳಿದರು.

ಅವನು ತಟ್ಟೆ ನೋಡಿಕೊಂಡು, “ವೆರಿ ಇಂಟರೆಸ್ಟಿಂಗ್” ಅಂದ.

“ನೋಡಿದ್ರಾ!” ಅಂದರು ರಾಯರು.

ಅವರ ಹೆಂಡತಿ ಹೋಳಿಗೆ ಮುರಿಯುತ್ತಾ ಹೇಳಿದರು. “ಅಲ್ಲಿ ಇಂಟರೆಸ್ಟಿಂಗ್ ಅಂದ್ರೆ ಏನು ಅಂತಾನೂ ಹೇಳ್ರಿ. ನಾನು ಮಾಡಿದ ಉಪ್ಪಿಟ್ಟಿಗೆ ನಿಮ್ಮ ಬಾಸು ಇಂಟರೆಸ್ಟಿಂಗ್ ಅಂದು, ಪೇಪರ್ ನ್ಯಾಪ್ಕಿನ್‌ನಲ್ಲಿ ಸುತ್ತಿ ಹೂಕುಂಡದೊಳಗೆ ಇಟ್ಟು ಹೋದ್ರಲ್ಲ.”

ರಾಯರು ಎದ್ದು ನಿಂತರು. ಕೈಯಲ್ಲಿ ತುಪ್ಪ ಸುರಿಯೋ ಹೋಳಿಗೆ. “ಬೀಳೋದು ಒಂದು ಕಲೇನಾ? ಒಬ್ಬ ದಪ್ಪ ಮನುಷ್ಯ ಕುರ್ಚಿಯಿಂದ ಬಿದ್ರೆ ಅದು ಹಾಸ್ಯಾನಾ? ಯಾವ ಕತ್ತೆ ಬೇಕಾದ್ರೂ ಬೀಳುತ್ತೆ. ನಾನೇ ಮಾಡಿ ತೋರಿಸ್ತೀನಿ, ಒಬ್ಬರಿಗಾದ್ರೂ ನಗು ಬರುತ್ತಾ ನೋಡಿ” ಅಂತ ಪಕ್ಕದಲ್ಲಿದ್ದ ಮಡಚೋ ಕುರ್ಚಿಯ ಅಂಚಿನಲ್ಲಿ ಕೂತು, ಬೀಳೋ ನಟನೆ ಮಾಡಲು ಹಿಂದಕ್ಕೆ ವಾಲಿದರು.

ನಟನೆಗೆ ಅವಕಾಶವೇ ಆಗಲಿಲ್ಲ. ಕುರ್ಚಿ ಫಟ್ ಅಂತ ಮಡಚಿಕೊಂಡಿತು, ರಾಯರನ್ನೂ ಸೇರಿಸಿ. ಮೊಣಕಾಲು ಎದೆಗೆ ಬಂತು, ಪಾದ ಎರಡೂ ಗಾಳಿಯಲ್ಲಿ. ಹೋಳಿಗೆ ಹಿಡಿದ ಕೈ ಮಾತ್ರ ತಲೆಯ ಮೇಲೆ ನೆಟ್ಟಗೆ ನಿಂತಿತ್ತು. ಅದರಿಂದ ತುಪ್ಪ ಒಂದೊಂದೇ ಹನಿ ಬೋಳುತಲೆಯ ಮೇಲೆ ಬೀಳುತ್ತಿತ್ತು.

ಹಿರಿಯರು, ನಗಬಾರದು ಅಂತ ನನ್ನ ಗಂಡ ತುಟಿ ಕಚ್ಚಿಕೊಂಡರು. ನನ್ನ ಕಣ್ಣ ಮುಂದೆ ರಿವ್ಯೂ ಒಂದೇ ಇತ್ತು. ಮ್ಯಾನೇಜರ್ ಗಾಬರಿಯಿಂದ ಎದ್ದು, “ಆರ್ ಯೂ ಆಲ್ ರೈಟ್?” ಅಂದ.

ಕುರ್ಚಿಯ ಒಳಗಿನಿಂದ ಬಹಳ ಗಾಂಭೀರ್ಯದಿಂದ ಉತ್ತರ ಬಂತು. “ಪರ್ಫೆಕ್ಟ್‌ಲಿ ಫೈನ್, ಥ್ಯಾಂಕ್ ಯೂ.” ಹಾಗೆನ್ನುತ್ತಿದ್ದಂತೆ ಕುರ್ಚಿ ರಾಯರ ಸಮೇತ ನುಣುಪಾದ ಮರದ ನೆಲದ ಮೇಲೆ ಮೆಲ್ಲಗೆ ಜಾರಿಕೊಂಡು ಹೋಗಿ ಫ್ರಿಜ್ಜಿಗೆ ತಾಗಿ ನಿಂತಿತು. ಮ್ಯಾನೇಜರ್ ಮೇಜು ಹಿಡಿದುಕೊಂಡು ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಮುಖ ಟೊಮೇಟೊ ಆಯಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಪಾಪ ನೆಲದ ಮೇಲೇ ಕೂತ. ರಿವ್ಯೂ ಚೆನ್ನಾಗೇ ಬಂತು. ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಆ ಮಧ್ಯಾಹ್ನದ ಕೊನೇ ಮಾತು ಅವನದಲ್ಲ.

ನಾನೂ ನನ್ನ ಗಂಡನೂ ಕುರ್ಚಿ ಬಿಡಿಸಲು ಓಡಿದೆವು. ಅಷ್ಟರಲ್ಲಿ ರಾಯರ ಹೆಂಡತಿ ಎದ್ದು ಬಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ಗಂಡನಿಗೆ ಪೆಟ್ಟಾಯಿತು ಅಂತ ಅಳುತ್ತಿದ್ದಾರೆ ಅಂದುಕೊಂಡೆ. ಆಕೆ ಸೆರಗು ತೆಗೆದು, ಬಿದ್ದು ಬಿದ್ದು ನಗುತ್ತಾ, ನಮ್ಮಿಬ್ಬರ ಕೈ ತಡೆದರು.

“ರೀ, ಮದುವೆ ಆದಾಗಿನಿಂದ ಇವತ್ತು ಒಂದೇ ದಿನ ನೀವು ನನ್ನ ನಗಿಸಿದ್ದು. ಏಳಬೇಡಿ, ಹಾಗೇ ಇರಿ. ಫೋನ್ ತರ್ತೀನಿ.”